ಹರಿಕೇನ್ ಕಾಲಕ್ಕೆ ಮನೆ ಸಿದ್ಧ ಮಾಡಿಕೊಳ್ಳಿ, ನಾಯಿ ಬೆಕ್ಕಿನಿಂದ ಶುರು ಮಾಡಿ

ಅಮೆರಿಕದಲ್ಲಿರುವ ನಮಗೆ ಅಟ್ಲಾಂಟಿಕ್ ಕಡೆಯ ಹರಿಕೇನ್ (ಸಮುದ್ರದಲ್ಲಿ ಹುಟ್ಟಿ ಬರುವ ದೊಡ್ಡ ಬಿರುಗಾಳಿ) ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ಕ್ಕೆ ಮುಗಿಯುತ್ತದೆ. ಆರು ತಿಂಗಳೂ ಒಂದೇ ಸಮ ಇರುವುದಿಲ್ಲ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಜಾಸ್ತಿ, ಅದರಲ್ಲೂ ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅತಿ ಜೋರು. ನಮ್ಮ ಹಬ್ಬಗಳೂ ಆ ಹೊತ್ತಿಗೇ ಬರುತ್ತವೆ. 2017ರಲ್ಲಿ ಹಾರ್ವಿ ಅನ್ನುವ ಹರಿಕೇನ್ ಟೆಕ್ಸಸ್ ಕರಾವಳಿಗೆ ಬಡಿದದ್ದು ಆಗಸ್ಟ್ 25ರ ರಾತ್ರಿ, ಗಣೇಶ ಚೌತಿಯ ದಿನ. 2022ರ ಇಯಾನ್, 2024ರ ಮಿಲ್ಟನ್ ಫ್ಲಾರಿಡಾಕ್ಕೆ ಬಂದಾಗ ಎರಡು ಸಲವೂ ನವರಾತ್ರಿ ನಡೆಯುತ್ತಿತ್ತು. ಹಾಲ್‌ನಲ್ಲಿ ಗೊಂಬೆ ಕೂರಿಸಿರುತ್ತೀರಿ, ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಬೆಕ್ಕು ಹೆದರಿ ಮಂಚದ ಕೆಳಗೆ ಸೇರಿರುತ್ತದೆ. ಇಷ್ಟು ಜನ ಎಲ್ಲಿಗೆ ಹೋಗುವುದು ಅಂತ ಆ ದಿನ ಯೋಚಿಸಲು ಕೂತರೆ ತಡವಾಯಿತು ಅಂತಲೇ ಲೆಕ್ಕ.

ಸಾಮಾನ್ಯವಾಗಿ ನೀರು, ಬ್ಯಾಟರಿ, ಟಾರ್ಚ್‌ನಿಂದ ಪಟ್ಟಿ ಶುರುವಾಗುತ್ತದೆ. ಮನೆಯಲ್ಲಿ ಸಾಕುಪ್ರಾಣಿ ಇದ್ದರೆ ಅದರಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಮನುಷ್ಯರನ್ನು ಯಾವ ಶೆಲ್ಟರ್‌ಗೂ (ತುರ್ತು ಆಶ್ರಯ ಕೇಂದ್ರ) ಸೇರಿಸಿಕೊಳ್ಳುತ್ತಾರೆ, ಯಾವ ಸ್ನೇಹಿತರ ಮನೆಗೂ ಕರೆಯುತ್ತಾರೆ. 60 ಪೌಂಡಿನ ನಾಯಿಯನ್ನು ಎಲ್ಲ ಕಡೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ನಾಯಿಗೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿಗೆ ಇಡೀ ಮನೆ ಹೋಗಬೇಕಾಗುತ್ತದೆ. ಆ ಪ್ರಶ್ನೆಗೆ ಮೇ ತಿಂಗಳಲ್ಲೇ ಉತ್ತರ ಸಿಕ್ಕಿದ್ದರೆ ಉಳಿದ ತಯಾರಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಸಿಕ್ಕಿರದಿದ್ದರೆ ಕೊನೇ ಗಳಿಗೆಯಲ್ಲಿ "ನಾಯೀನ ಬಿಟ್ಟು ಹೇಗೆ ಹೋಗೋದು" ಅಂತ ಮನೆಯವರೆಲ್ಲ ಅಲ್ಲೇ ಉಳಿದುಬಿಡುತ್ತಾರೆ. 2005ರ ಕತ್ರಿನಾದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಎಷ್ಟೋ ಜನ ಹೀಗೇ ಉಳಿದರು. ಆ ಅನುಭವದಿಂದ 2006ರಲ್ಲಿ ಅಮೆರಿಕದಲ್ಲಿ ಪೆಟ್ಸ್ ಆ್ಯಕ್ಟ್ ಬಂತು. ಜನರನ್ನು ತೆರವು ಮಾಡಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕು ಅಂತ ಅದು ರಾಜ್ಯ ಮತ್ತು ಸ್ಥಳೀಯ ಆಡಳಿತಗಳಿಗೆ ಹೇಳುತ್ತದೆ.

1. ನೀವು ಮನೆ ಬಿಡಬೇಕಾ, ಬೇಡವಾ? ಮೊದಲು ಝೋನ್ ನೋಡಿ

ಎರಡು ಬೇರೆ ಬೇರೆ ನಕ್ಷೆಗಳಿವೆ, ಜನ ಇವನ್ನು ಕಲಸಿಕೊಳ್ಳುತ್ತಾರೆ. ಒಂದು ಇವ್ಯಾಕ್ಯುಯೇಷನ್ ಝೋನ್. ಸಮುದ್ರದ ನೀರು ಉಕ್ಕಿ ಒಳಗೆ ಬಂದರೆ ಯಾರು ಮೊದಲು ಹೊರಡಬೇಕು ಅಂತ ಹೇಳುವುದು ಇದು. ಫ್ಲಾರಿಡಾದಲ್ಲಿ ಎ, ಬಿ, ಸಿ ಅಂತ ಅಕ್ಷರಗಳಲ್ಲಿರುತ್ತದೆ. ಹ್ಯೂಸ್ಟನ್ ಕಡೆ ಜಿಪ್ ಕೋಡ್ ಪ್ರಕಾರ ವಿಂಗಡಿಸಿದ ಜಿಪ್-ಝೋನ್ ಇದೆ. ಇನ್ನೊಂದು ಫ್ಲಡ್ ಝೋನ್. ಅದು ಇನ್ಶೂರೆನ್ಸ್ ಮತ್ತು ಮನೆ ಸಾಲಕ್ಕೆ ಸಂಬಂಧಿಸಿದ್ದು. "ನಮ್ಮದು ಫ್ಲಡ್ ಝೋನ್ ಎಕ್ಸ್ (ಪ್ರವಾಹದ ಅಪಾಯ ಕಡಿಮೆ ಅಂತ ಗುರುತಿಸಿದ ಜಾಗ), ನಾವು ಸೇಫ್" ಅನ್ನುವವರು ಇವ್ಯಾಕ್ಯುಯೇಷನ್ ಝೋನ್ ಎ ಒಳಗೇ ಇರಬಹುದು. ನಿಮ್ಮ ಕೌಂಟಿಯ (ಇಲ್ಲಿನ ಜಿಲ್ಲೆ) ಎಮರ್ಜೆನ್ಸಿ ಮ್ಯಾನೇಜ್‌ಮೆಂಟ್ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ, ಉತ್ತರವನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಇಲ್ಲಿ ಗಾಳಿಗಿಂತ ನೀರೇ ಜಾಸ್ತಿ ಜನರನ್ನು ಕೊಲ್ಲುತ್ತದೆ. 1963ರಿಂದ 2012ರವರೆಗೆ ಅಮೆರಿಕದಲ್ಲಿ ಇಂಥ ಬಿರುಗಾಳಿಗಳಿಗೆ ನೇರವಾಗಿ ಬಲಿಯಾದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಸತ್ತದ್ದು ನೀರಿನಿಂದ. ಅದಕ್ಕೇ ಇಲ್ಲಿನ ಅಧಿಕಾರಿಗಳು ಒಂದೇ ಮಾತು ಹೇಳುತ್ತಾರೆ: ನೀರು ಬಂದರೆ ಓಡಿ, ಗಾಳಿ ಬಂದರೆ ಅಡಗಿ. ನೀರು ನುಗ್ಗುವ ಝೋನ್‌ನಲ್ಲಿ ಮನೆ ಇಲ್ಲ, ಮನೆ ಗಟ್ಟಿಯಾಗಿದೆ ಅಂದರೆ ಇರುವಲ್ಲೇ ಇರುವುದು ಒಳ್ಳೆಯದು. 2005ರ ರೀಟಾ ಸಮಯದಲ್ಲಿ ಹ್ಯೂಸ್ಟನ್‌ನಿಂದ ಹೊರಡಬೇಕಾಗಿಲ್ಲದ ಲಕ್ಷಾಂತರ ಜನರೂ ಹೊರಟರು. ಹೆದ್ದಾರಿಗಳು ಬಿಸಿಲಲ್ಲಿ ಗಂಟೆಗಟ್ಟಲೆ ನಿಂತವು. ಆ ಪ್ರಯಾಣದಲ್ಲೇ ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಮನೆ ಬಿಡುವುದು ಅಂದರೆ ರಾಜ್ಯವನ್ನೇ ಬಿಡಬೇಕು ಅಂತಲ್ಲ. ಹತ್ತಾರು ಮೈಲಿ ಒಳನಾಡಿಗೆ, ಎತ್ತರದ ಜಾಗಕ್ಕೆ ಹೋದರೆ ಬಹಳ ಸಲ ಸಾಕು. ಟ್ಯಾಂಪಾದ ಕಡಲಂಚಿನಲ್ಲಿರುವವರು ಅದೇ ಕೌಂಟಿಯ ಒಳಗಿನ ಸ್ನೇಹಿತರ ಮನೆಗೆ ಹೋಗಬಹುದು.

ಕರಾವಳಿಯಿಂದ ದೂರ ಇರುವವರು ಇದು ನಮಗಲ್ಲ ಅಂತ ಪುಟ ತಿರುಗಿಸಬೇಡಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾದ ಉಳಿಕೆ ಮಳೆಗೆ ನ್ಯೂಜೆರ್ಸಿಯಲ್ಲಿ ರಸ್ತೆಗಳೇ ಹೊಳೆಯಾದವು, ನ್ಯೂಯಾರ್ಕ್‌ನ ಬೇಸ್‌ಮೆಂಟ್ ಮನೆಗಳಲ್ಲಿ ಜನ ಮುಳುಗಿ ಸತ್ತರು. 2024ರಲ್ಲಿ ಹೆಲೀನ್ ಫ್ಲಾರಿಡಾದಲ್ಲಿ ದಡ ಹತ್ತಿ, ಸಮುದ್ರದಿಂದ ನೂರಾರು ಮೈಲಿ ದೂರದ ಆಶ್‌ವಿಲ್ ಸುತ್ತಮುತ್ತ ಬೆಟ್ಟದೂರುಗಳನ್ನು ಕೊಚ್ಚಿಹಾಕಿತು.

2. ನಾಯಿ, ಬೆಕ್ಕು, ಗಿಳಿ, ಮೀನು

ಮೊದಲ ಕೆಲಸ ಫೋನ್ ಮಾಡುವುದು. ಮೂರು ಜಾಗಗಳನ್ನು ಗೊತ್ತು ಮಾಡಿಕೊಳ್ಳಿ: ನಾಯಿ ಸಮೇತ ಬನ್ನಿ ಅನ್ನುವ ಒಂದು ಸ್ನೇಹಿತರ ಮನೆ, ಪ್ರಾಣಿಗಳನ್ನು ಬಿಟ್ಟುಕೊಳ್ಳುವ ಒಂದು ಹೋಟೆಲ್, ನಿಮ್ಮ ಕೌಂಟಿಯ ಪೆಟ್ ಫ್ರೆಂಡ್ಲಿ ಶೆಲ್ಟರ್. ಸ್ನೇಹಿತರನ್ನು ಕೇಳುವಾಗ ಸಂಕೋಚ ಬೇಡ. ಮನೆಯಲ್ಲಿ ಅಲರ್ಜಿ ಇದೆಯಾ, ಮಡಿ ಮಾಡುವ ಅಜ್ಜಿ ಇದ್ದಾರಾ, ನಾಯಿ ಕಂಡರೆ ಹೆದರುವ ಮಗು ಇದೆಯಾ ಅಂತ ಈಗಲೇ ನೇರವಾಗಿ ಕೇಳಿಬಿಡಿ. ಈಗ ಬೇಡ ಅಂದರೆ ಬೇಜಾರಿಲ್ಲ, ಮಳೆಯಲ್ಲಿ ಬಾಗಿಲಿಗೆ ಹೋಗಿ ನಿಂತಾಗ ಬೇಡ ಅನಿಸಿಕೊಂಡರೆ ಇಬ್ಬರಿಗೂ ಕಷ್ಟ.

ಪ್ರತಿ ವರ್ಷ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಓಡಾಡುತ್ತದೆ: ಹರಿಕೇನ್ ಸಮಯದಲ್ಲಿ ಎಲ್ಲ ಹೋಟೆಲ್‌ಗಳೂ ಪ್ರಾಣಿಗಳನ್ನು ಬಿಟ್ಟುಕೊಳ್ಳಲೇಬೇಕು ಅಂತ. ಇದು ಸುಳ್ಳು. ಪೆಟ್ಸ್ ಆ್ಯಕ್ಟ್ ಹೋಟೆಲ್‌ಗಳಿಗೆ ಅನ್ವಯಿಸುವುದಿಲ್ಲ. ಕೆಲವು ಹೋಟೆಲ್‌ಗಳು ಆ ಹೊತ್ತಿನಲ್ಲಿ ನಿಯಮ ಸಡಿಲ ಮಾಡುತ್ತವೆ, ಅದು ಅವರ ಒಳ್ಳೆಯತನ. ಮೋಟೆಲ್ 6ರಂಥ ಕಡೆ ಸಾಮಾನ್ಯ ದಿನಗಳಲ್ಲೂ ನಾಯಿ ಬೆಕ್ಕಿಗೆ ಪ್ರವೇಶವಿದೆ. ಎಷ್ಟು ಪ್ರಾಣಿ, ಎಷ್ಟು ತೂಕ ಅಂತ ಕೇಳಿಕೊಳ್ಳಿ.

ಶೆಲ್ಟರ್‌ಗಳದ್ದೂ ಅಷ್ಟೆ. ಎಲ್ಲ ಶೆಲ್ಟರ್ ಪ್ರಾಣಿಗಳನ್ನು ತೆಗೆದುಕೊಳ್ಳುವುದಿಲ್ಲ, ಅಂಗವಿಕಲರಿಗೆ ನೆರವಾಗಲು ತರಬೇತಿ ಪಡೆದ ಸರ್ವಿಸ್ ಡಾಗ್‌ಗಳಿಗೆ ಮಾತ್ರ ಎಲ್ಲ ಕಡೆ ಜಾಗ. ಪೆಟ್ ಫ್ರೆಂಡ್ಲಿ ಶೆಲ್ಟರ್‌ನವರು ರೇಬಿಸ್ ಲಸಿಕೆಯ ದಾಖಲೆ, ಕ್ರೇಟ್ (ಪ್ರಾಣಿ ಇಡುವ ಪಂಜರ), ಆಹಾರ ಕೇಳುತ್ತಾರೆ. ಕೆಲವು ಕೌಂಟಿಗಳಲ್ಲಿ ಮೊದಲೇ ಹೆಸರು ಬರೆಸಬೇಕು. ಲಸಿಕೆ ಆಗಸ್ಟ್‌ನಲ್ಲಿ ಮುಗಿಯುವುದಾದರೆ ಮೇ ತಿಂಗಳಲ್ಲೇ ಹಾಕಿಸಿಬಿಡಿ.

ಪ್ರಾಣಿಯ ಚರ್ಮದ ಕೆಳಗೆ ಹಾಕುವ ಗುರುತಿನ ಮೈಕ್ರೋಚಿಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚಿಪ್‌ನಲ್ಲಿ ಇರುವುದು ಒಂದು ಸಂಖ್ಯೆ ಮಾತ್ರ, ನಿಮ್ಮ ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. ಆ ಸಂಖ್ಯೆಯನ್ನು ಯಾವುದೋ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ನೋಂದಾಯಿಸಿರಬೇಕು, ಅಲ್ಲಿನ ನಂಬರ್ ಈಗ ನೀವು ಬಳಸುವ ನಂಬರೇ ಆಗಿರಬೇಕು. ಮನೆ ಬದಲಿಸಿದವರು, ಬೇರೆಯವರಿಂದ ನಾಯಿ ಪಡೆದವರು ಇದನ್ನು ಮರೆಯುತ್ತಾರೆ. ಬೆಂಗಳೂರಿನಿಂದ ನಾಯಿ ಕರೆತಂದವರಿದ್ದರೆ ಅದರ ಚಿಪ್‌ಗೆ ಅಲ್ಲಿನ ನಂಬರೇ ಇರಬಹುದು. ಇಲ್ಲಿನ ಪಟ್ಟಿಯಲ್ಲೂ ನೋಂದಾಯಿಸಿ. ವೆಟ್ (ಪ್ರಾಣಿಗಳ ಡಾಕ್ಟರ್) ಹತ್ತಿರ ಹೋದಾಗ ಒಮ್ಮೆ ಸ್ಕ್ಯಾನ್ ಮಾಡಿಸಿ, ಚಿಪ್ ಸರಿಯಾಗಿ ಓದುತ್ತದಾ ಅಂತ ನೋಡಿ. ಕುತ್ತಿಗೆ ಪಟ್ಟಿಗೆ ಹೆಸರು ಮತ್ತು ನಂಬರ್ ಇರುವ ಬಿಲ್ಲೆಯೂ ಇರಲಿ, ಕರೆಂಟ್ ಇಲ್ಲದ ಊರಲ್ಲಿ ಬಿಲ್ಲೆಯನ್ನು ಯಾರು ಬೇಕಾದರೂ ಓದಬಹುದು. ಪ್ರಾಣಿಯ ಜೊತೆ ನೀವೂ ಇರುವ ಫೋಟೋ ಒಂದು ಫೋನ್‌ನಲ್ಲಿ, ಒಂದು ಕಾಗದದಲ್ಲಿ ಇಟ್ಟುಕೊಳ್ಳಿ. ಇದು ನಮ್ಮದೇ ಅಂತ ತೋರಿಸಲು ಬೇಕಾಗುತ್ತದೆ.

ಬೆಕ್ಕಿನದು ಬೇರೆ ಕಥೆ. ಕ್ಯಾರಿಯರ್ (ಅದನ್ನು ಒಯ್ಯುವ ಪೆಟ್ಟಿಗೆ) ಹೊರಗೆ ಬಂದರೆ ಡಾಕ್ಟರ್ ಹತ್ತಿರ ಅಂತಲೇ ಅದಕ್ಕೆ ಗೊತ್ತು, ಆ ಕ್ಷಣ ಮಾಯ. ಅದಕ್ಕೆ ಕ್ಯಾರಿಯರನ್ನು ಈಗಿನಿಂದಲೇ ಬಾಗಿಲು ತೆರೆದು ಹಾಲ್‌ನಲ್ಲಿ ಇಡಿ. ಒಳಗೆ ಹಳೆಯ ಟವೆಲ್ ಹಾಸಿ, ಆಗಾಗ ಅಲ್ಲೇ ತಿಂಡಿ ಕೊಡಿ. ಕೆಲವು ವಾರಗಳಲ್ಲಿ ತಾನೇ ಹೋಗಿ ಮಲಗಲು ಶುರು ಮಾಡುತ್ತದೆ. ಹೊರಡುವ ದಿನ ಬೆಳಿಗ್ಗೆ ಎದ್ದ ತಕ್ಷಣ ಬೆಕ್ಕನ್ನು ಬಾತ್‌ರೂಮಿಗೆ ಸೇರಿಸಿ ಬಾಗಿಲು ಹಾಕಿ, ಆಮೇಲೆ ಸಾಮಾನು ಕಟ್ಟಿ. ಸೂಟ್‌ಕೇಸ್ ಸದ್ದು ಕೇಳಿದ ಮೇಲೆ ಅದನ್ನು ಹುಡುಕುವುದು ಅಸಾಧ್ಯ.

ಪ್ರಾಣಿಗಳ ಚೀಲದಲ್ಲಿ ಏನಿರಬೇಕು: ಎರಡು ವಾರದ ಆಹಾರ ನೀರು ಹೋಗದ ಡಬ್ಬಿಯಲ್ಲಿ, ಎರಡು ವಾರದ ಔಷಧಿ, ಲಸಿಕೆ ದಾಖಲೆ, ಎರಡು ಹಗ್ಗ, ಬಟ್ಟಲು, ಬೆಕ್ಕಿನ ಶೌಚಕ್ಕೆ ಲಿಟರ್ ಮರಳು ಮತ್ತು ಒಂದು ಅಗಲ ಟ್ರೇ, ನಾಯಿ ಒಳಗೇ ಮೂತ್ರ ಮಾಡಲು ಪೀ ಪ್ಯಾಡ್. ಗಾಳಿ ಬೀಸುವಾಗ ನಾಯಿಯನ್ನು ಹೊರಗೆ ಬಿಡಲು ಆಗುವುದಿಲ್ಲ, ಆದರೆ ಹುಲ್ಲಿನ ಮೇಲೆ ಮಾತ್ರ ಅಭ್ಯಾಸ ಇರುವ ನಾಯಿ ಮನೆಯೊಳಗೆ ಒಂದೂವರೆ ದಿನ ತಡೆದುಕೊಂಡು ಒದ್ದಾಡುತ್ತದೆ. ಈಗಿನಿಂದಲೇ ಪ್ಯಾಡ್ ಅಭ್ಯಾಸ ಮಾಡಿಸಿ. ನೀರಿನ ಲೆಕ್ಕ: ನಾಯಿಯ ಪ್ರತಿ ಪೌಂಡ್ ತೂಕಕ್ಕೆ ದಿನಕ್ಕೆ ಸುಮಾರು ಒಂದು ಔನ್ಸ್. 60 ಪೌಂಡಿನ ನಾಯಿಗೆ ದಿನಕ್ಕೆ ಅರ್ಧ ಗ್ಯಾಲನ್ ಹತ್ತಿರ ಆಯಿತು. ಸೆಕೆಯಲ್ಲಿ ಇನ್ನೂ ಬೇಕು.

ಆಹಾರ ಮುಗಿಯಿತು ಅಂತ ನಮ್ಮ ತಟ್ಟೆಯಿಂದ ಕೊಡುವಾಗ ಜೋಕೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಚಿತ್ರಾನ್ನದಲ್ಲಿ ಈರುಳ್ಳಿ ಇರುತ್ತದೆ, ಡ್ರೈಫ್ರೂಟ್ ಡಬ್ಬಿಯಲ್ಲಿ ದ್ರಾಕ್ಷಿ ಇರುತ್ತದೆ. ಸಿಡಿಲಿಗೆ ತುಂಬ ಹೆದರುವ ನಾಯಿ ಇದ್ದರೆ ವೆಟ್‌ನಿಂದ ಮೊದಲೇ ಮಾತ್ರೆ ಬರೆಸಿಕೊಂಡು ಸಾಮಾನ್ಯ ದಿನದಲ್ಲಿ ಒಮ್ಮೆ ಕೊಟ್ಟು ನೋಡಿ. ನಮ್ಮ ನಿದ್ದೆ ಮಾತ್ರೆ ಖಂಡಿತ ಕೊಡಬೇಡಿ.

ಗಿಳಿ ಇದ್ದರೆ ಪ್ರಯಾಣಕ್ಕೆ ಸಣ್ಣ ಪಂಜರ ಮತ್ತು ಮೇಲೆ ಹೊದಿಸಲು ಬಟ್ಟೆ. ಅಕ್ವೇರಿಯಂ ಇದ್ದರೆ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ತಂದಿಡಿ. ಕರೆಂಟ್ ಹೋದಾಗ ಮೀನಿಗೆ ಊಟ ಕಡಿಮೆ ಮಾಡಿ, ಹಸಿವಿಗಿಂತ ಬೇಗ ಅವು ಕೊಳೆತ ನೀರಿನಲ್ಲಿ ಸಾಯುತ್ತವೆ.

ಯಾವ ಪ್ರಾಣಿಯನ್ನೂ ಕಟ್ಟಿಹಾಕಿ ಬಿಟ್ಟು ಹೋಗಬೇಡಿ. 2024ರ ಅಕ್ಟೋಬರ್ 9ರಂದು, ಮಿಲ್ಟನ್ ಬರುವ ದಿನ, ಟ್ಯಾಂಪಾ ಹತ್ತಿರ ಐ-75 ಹೆದ್ದಾರಿ ಪಕ್ಕದ ಬೇಲಿಗೆ ಯಾರೋ ಒಂದು ಬುಲ್ ಟೆರಿಯರ್ ನಾಯಿಯನ್ನು ಕಟ್ಟಿ ಹೋಗಿದ್ದರು. ನೀರಲ್ಲಿ ನಿಂತು ನಡುಗುತ್ತಿದ್ದ ಅದನ್ನು ಹೆದ್ದಾರಿ ಪೊಲೀಸರು ಬಿಡಿಸಿಕೊಂಡರು. ಅದಕ್ಕೆ ಟ್ರೂಪರ್ ಅಂತ ಹೆಸರಾಯಿತು. ಅದೇ ಹೆಸರಿನ ಕಾನೂನು ಫ್ಲಾರಿಡಾದಲ್ಲಿ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ವಿಪತ್ತಿನ ಹೊತ್ತಲ್ಲಿ ನಾಯಿಯನ್ನು ಹೊರಗೆ ಕಟ್ಟಿ ಬಿಟ್ಟು ಹೋದರೆ ಐದು ವರ್ಷದವರೆಗೂ ಜೈಲಾಗಬಹುದು. ಆ ಕಾನೂನು ಬಂದದ್ದು ನನಗೆ ನಿಜಕ್ಕೂ ಸಮಾಧಾನ ಕೊಟ್ಟಿತು.

3. ಇನ್ಶೂರೆನ್ಸ್ ಮತ್ತು ಕಾಗದಪತ್ರ

ಇದು ಮೇ ತಿಂಗಳ ಕೆಲಸ, ಮುಂದೂಡುವ ಹಾಗಿಲ್ಲ. ಮಾಮೂಲಿ ಹೋಮ್ ಇನ್ಶೂರೆನ್ಸ್‌ನಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ. ಅದಕ್ಕೆ ಬೇರೆ ಫ್ಲಡ್ ಪಾಲಿಸಿ ಬೇಕು. ಸರ್ಕಾರದ ಎನ್‌ಎಫ್‌ಐಪಿ (ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ) ಪಾಲಿಸಿ ತೆಗೆದುಕೊಂಡರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೇ ಅದು ಜಾರಿಗೆ ಬರುತ್ತದೆ. ಟಿವಿಯಲ್ಲಿ ಬಿರುಗಾಳಿಯ ಚಿತ್ರ ನೋಡಿ ಫೋನ್ ಮಾಡಿದರೆ ಏನೂ ಪ್ರಯೋಜನವಿಲ್ಲ. ಅದರಲ್ಲಿ ಮನೆ ಕಟ್ಟಡಕ್ಕೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್‌ವರೆಗೆ ಸಿಗುತ್ತದೆ. ಬಾಡಿಗೆ ಮನೆಯವರು ಸಾಮಾನಿಗಷ್ಟೇ ಪಾಲಿಸಿ ತೆಗೆದುಕೊಳ್ಳಬಹುದು.

ನಿಮ್ಮ ಪಾಲಿಸಿಯಲ್ಲಿ ಹರಿಕೇನ್ ಡಿಡಕ್ಟಿಬಲ್ (ನಷ್ಟದಲ್ಲಿ ನೀವೇ ಭರಿಸಬೇಕಾದ ಮೊದಲ ಪಾಲು) ಎಷ್ಟು ಅಂತ ನೋಡಿ. ಅದು ಬಹಳ ಸಲ ಶೇಕಡಾ ಲೆಕ್ಕದಲ್ಲಿರುತ್ತದೆ. 4,00,000 ಡಾಲರ್‌ಗೆ ವಿಮೆ ಮಾಡಿಸಿದ ಮನೆಗೆ 2 ಶೇಕಡಾ ಅಂದರೆ ಮೊದಲ 8,000 ಡಾಲರ್ ನಿಮ್ಮ ಕೈಯಿಂದ, 5 ಶೇಕಡಾ ಅಂದರೆ 20,000. ಕಾರಿಗೆ ನೀರು ನುಗ್ಗಿದರೆ ದುಡ್ಡು ಬರುವುದು ಕಾರಿನ ವಿಮೆಯಲ್ಲಿ ಕಾಂಪ್ರಹೆನ್ಸಿವ್ ಭಾಗ ಇದ್ದರೆ ಮಾತ್ರ. ಈಗಲೇ ಫೋನ್ ಹಿಡಿದು ಮನೆಯ ಪ್ರತಿ ಕೋಣೆಯ, ಪ್ರತಿ ಬೀರುವಿನ ವೀಡಿಯೊ ಮಾಡಿ ಕ್ಲೌಡ್‌ಗೆ ಹಾಕಿ.

ನಮ್ಮಂಥವರಿಗೆ ಕಾಗದಗಳೇ ದೊಡ್ಡ ಆಸ್ತಿ. ಪಾಸ್‌ಪೋರ್ಟ್, ಒಸಿಐ ಕಾರ್ಡ್, ಗ್ರೀನ್ ಕಾರ್ಡ್, ಐ-797 (ವಲಸೆ ಇಲಾಖೆಯ ಮಂಜೂರಾತಿ ಪತ್ರ), ವಿದ್ಯಾರ್ಥಿ ವೀಸಾದಲ್ಲಿ ಓದುವ ಮಕ್ಕಳಿದ್ದರೆ ಕಾಲೇಜು ಕೊಟ್ಟ ಐ-20, ಮಕ್ಕಳ ಬರ್ತ್ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್, ಮನೆ ಪತ್ರ. ಇವುಗಳ ಜೊತೆ ಊರಿನಿಂದ ತಂದ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್ ಕೂಡ. ಎಸ್ಸೆಸ್ಸೆಲ್ಸಿ ಕಾರ್ಡ್ ಕಳೆದರೆ ಮತ್ತೆ ಮಾಡಿಸಲು ಇಲ್ಲಿಂದ ಎಷ್ಟು ಓಡಾಡಬೇಕು ಅಂತ ಗೊತ್ತಲ್ವಾ. ಎಲ್ಲವನ್ನೂ ನೀರು ಹೋಗದ ಒಂದೇ ಚೀಲದಲ್ಲಿ ಹಾಕಿ, ಸ್ಕ್ಯಾನ್ ಮಾಡಿದ ಪ್ರತಿಯನ್ನು ಬೇರೆ ಊರಿನ ಅಣ್ಣನಿಗೋ ತಂಗಿಗೋ ಕಳಿಸಿ. ಒಡವೆಯನ್ನು ಬ್ಯಾಂಕ್ ಲಾಕರ್‌ನಲ್ಲಿ ಇಟ್ಟಿದ್ದರೂ ಅದಕ್ಕೆ ಬ್ಯಾಂಕ್ ಠೇವಣಿಯ ಎಫ್‌ಡಿಐಸಿ ರಕ್ಷಣೆ ಇಲ್ಲ, ಪ್ರತ್ಯೇಕ ವಿಮೆ ಮಾಡಿಸುವುದು ಒಳ್ಳೆಯದು.

4. ಅಡುಗೆಮನೆ

ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಕಡಿಮೆ ಅಂದರೂ ಮೂರು ದಿನಕ್ಕೆ, ಆದರೆ ಒಂದು ವಾರಕ್ಕೆ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ 28 ಗ್ಯಾಲನ್, ಪ್ರಾಣಿಗಳದ್ದು ಬೇರೆ. ಒಂದೇ ದಿನ ಕೊಳ್ಳಬೇಡಿ, ಏಪ್ರಿಲ್‌ನಿಂದ ದಿನಸಿಗೆ ಹೋದಾಗಲೆಲ್ಲ ಎರಡು ಕ್ಯಾನ್ ತನ್ನಿ. ಟೆಕ್ಸಸ್‌ನವರಿಗೆ ಏಪ್ರಿಲ್ ಕೊನೆಯ ಹೊತ್ತಿಗೆ ಒಂದು ವಾರಾಂತ್ಯ ಬ್ಯಾಟರಿ, ಜನರೇಟರ್ ಮುಂತಾದ ಸಾಮಾನಿಗೆ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ.

ಊಟದ ವಿಷಯದಲ್ಲಿ ನಮ್ಮ ಅಡುಗೆಮನೆಗೆ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಬೀನ್ಸ್ ಡಬ್ಬಿಗಳನ್ನು ತಂದು ಗುಡ್ಡೆ ಹಾಕಬೇಕಾಗಿಲ್ಲ. ತೆಳು ಅವಲಕ್ಕಿಗೆ ಒಲೆಯೇ ಬೇಡ. ನೀರು ಚಿಮುಕಿಸಿ, ಪುಳಿಯೋಗರೆ ಗೊಜ್ಜು ಕಲಸಿ, ಒಣಕೊಬ್ಬರಿ ಉದುರಿಸಿದರೆ ಗೊಜ್ಜವಲಕ್ಕಿ ಆಯಿತು. ರಾಗಿ ಹುರಿಹಿಟ್ಟನ್ನು ಬೆಲ್ಲ ಮತ್ತು ಟೆಟ್ರಾ ಪ್ಯಾಕ್ ಹಾಲಿನಲ್ಲಿ ಕಲಸಿದರೆ ದೊಡ್ಡವರಿಗೂ ಮಕ್ಕಳಿಗೂ ಹೊಟ್ಟೆ ತುಂಬುತ್ತದೆ. ಹುರಿಗಡಲೆ, ಕಡಲೆಬೀಜ, ಚಟ್ನಿಪುಡಿ, ಖಾಖ್ರಾ, ರಸ್ಕ್, ಬಾಳೆಹಣ್ಣು ಇರಲಿ. ರೆಡಿ ಟು ಈಟ್ ಪೊಟ್ಟಣಗಳಲ್ಲಿರುವುದು ಬೆಂದ ಅಡುಗೆಯೇ, ಬಿಸಿ ಮಾಡದೆ ತಿನ್ನಬಹುದು. ಚಕ್ಕುಲಿ, ನಿಪ್ಪಟ್ಟು, ಉಪ್ಪಿನಕಾಯಿ ರುಚಿಗೆ ಸರಿ, ಆದರೆ ಉಪ್ಪು ಜಾಸ್ತಿ ಆದಷ್ಟೂ ನೀರು ಜಾಸ್ತಿ ಬೇಕು. ಇನ್‌ಸ್ಟಂಟ್ ಪಾಟ್, ಇಂಡಕ್ಷನ್ ಒಲೆ ಎರಡೂ ಕರೆಂಟ್ ಇಲ್ಲದಾಗ ಕೆಲಸಕ್ಕೆ ಬರುವುದಿಲ್ಲ ಅನ್ನುವುದನ್ನು ಲೆಕ್ಕದಲ್ಲಿಡಿ.

ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದೆ ಇದ್ದರೆ ಫ್ರಿಜ್‌ನಲ್ಲಿ ನಾಲ್ಕು ಗಂಟೆ, ಪೂರ್ತಿ ತುಂಬಿದ ಫ್ರೀಝರ್‌ನಲ್ಲಿ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಆಹಾರ ಕೆಡದೆ ಇರುತ್ತದೆ. ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿ ಹೆಪ್ಪುಗಟ್ಟಿಸಿ. ಒಂದು ಲೋಟ ನೀರನ್ನು ಫ್ರೀಝರ್‌ನಲ್ಲಿ ಗಟ್ಟಿ ಮಾಡಿ ಮೇಲೆ ಒಂದು ನಾಣ್ಯ ಇಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಅರ್ಥ. ಹಿಟ್ಟು, ತೆಂಗಿನತುರಿ ಎಲ್ಲ ಎಸೆದುಬಿಡಿ.

5. ಊರಿಂದ ಬಂದ ಹಿರಿಯರು, ಔಷಧಿ

ಬೇಸಿಗೆಯಲ್ಲಿ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುವ ಮನೆಗಳು ಬಹಳ. ಅವರ ಬಿಪಿ, ಶುಗರ್ ಮಾತ್ರೆ ಊರಿಂದ ತಂದದ್ದು, ಇಲ್ಲಿ ಅದೇ ಹೆಸರಲ್ಲಿ ಸಿಗದಿರಬಹುದು. ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಅಂತ ಚೀಟಿಯಲ್ಲಿ ಬರೆದು ಅವರ ಪಾಸ್‌ಪೋರ್ಟ್ ಜೊತೆ ಇಡಿ, ವಿಸಿಟರ್ ಇನ್ಶೂರೆನ್ಸ್ ಕಾಗದವನ್ನೂ. ಇನ್ಸುಲಿನ್ ಫ್ರಿಜ್ ಇಲ್ಲದೆಯೂ 59ರಿಂದ 86 ಡಿಗ್ರಿ ಫ್ಯಾರನ್‌ಹೀಟ್ ಒಳಗೆ 28 ದಿನದವರೆಗೆ ಕೆಲಸ ಮಾಡುತ್ತದೆ. ಆದರೆ ಎಸಿ ಇಲ್ಲದ ಮನೆ ಸೆಪ್ಟೆಂಬರ್‌ನಲ್ಲಿ 86 ದಾಟುತ್ತದೆ, ಐಸ್ ಪ್ಯಾಕ್‌ಗೆ ನೇರವಾಗಿ ತಾಗದಂತೆ ತಣ್ಣನೆ ಚೀಲದಲ್ಲಿಡಿ. ಫ್ಲಾರಿಡಾದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದಾಗ 30 ದಿನದ ಔಷಧಿಯನ್ನು ಅವಧಿಗೆ ಮೊದಲೇ ಕೊಳ್ಳಲು ಅವಕಾಶವಿದೆ, ಫಾರ್ಮಸಿಯಲ್ಲಿ ಕೇಳಿ.

ಆಕ್ಸಿಜನ್ ಯಂತ್ರ ಬಳಸುವವರು, ನಡೆಯಲಾಗದವರು ಮನೆಯಲ್ಲಿದ್ದರೆ ಮೊದಲೇ ಹೆಸರು ನೋಂದಾಯಿಸಿ. ಫ್ಲಾರಿಡಾದಲ್ಲಿ ಸ್ಪೆಷಲ್ ನೀಡ್ಸ್ ರಿಜಿಸ್ಟ್ರಿ, ಟೆಕ್ಸಸ್‌ನಲ್ಲಿ ಸ್ಟಿಯರ್ ಅಂತ ಇದೆ. ಸಹಾಯವಾಣಿ 211ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

6. ಬಿರುಗಾಳಿ ಐದು ದಿನ ದೂರ ಇರುವಾಗ

ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್ ಪೂರ್ವ ಕರಾವಳಿಯ ಸಮಯದಂತೆ ಬೆಳಿಗ್ಗೆ 5 ಮತ್ತು 11, ಸಂಜೆ 5, ರಾತ್ರಿ 11ಕ್ಕೆ ಹೊಸ ವರದಿ ಕೊಡುತ್ತದೆ. ಅದನ್ನು ನೋಡಿದರೆ ಸಾಕು. ನಡುವೆ ಬರುವ ವಾಟ್ಸಾಪ್ ಫಾರ್ವರ್ಡ್‌ಗಳನ್ನೂ ಕಿರುಚುವ ಯೂಟ್ಯೂಬ್ ವೀಡಿಯೊಗಳನ್ನೂ ಬಿಟ್ಟುಬಿಡಿ.

ನಕ್ಷೆಯಲ್ಲಿ ಕಾಣುವ ಕೋನ್ ಬಿರುಗಾಳಿಯ ನಡು ಎಲ್ಲಿ ಹೋಗಬಹುದು ಅಂತ ತೋರಿಸುತ್ತದೆ, ಅಷ್ಟೆ. ಬಿರುಗಾಳಿಯ ಅಗಲ ಅದರಲ್ಲಿಲ್ಲ. ನಡು ಆ ಕೋನ್ ಒಳಗೇ ಉಳಿಯುವುದೂ ಮೂರರಲ್ಲಿ ಸುಮಾರು ಎರಡು ಸಲ ಮಾತ್ರ. ಇಯಾನ್ ಟ್ಯಾಂಪಾಕ್ಕೆ ಬರುತ್ತದೆ ಅಂತ ಎಲ್ಲರ ಕಣ್ಣೂ ಅಲ್ಲಿತ್ತು. 2022ರ ಸೆಪ್ಟೆಂಬರ್ 28ರಂದು ಅದು ದಡ ಹತ್ತಿದ್ದು ದಕ್ಷಿಣದ ಫೋರ್ಟ್ ಮಯರ್ಸ್ ಹತ್ತಿರದ ಕಾಯೊ ಕೋಸ್ಟಾದಲ್ಲಿ. ಆ ಜಾಗ ಇರುವ ಲೀ ಕೌಂಟಿಯಲ್ಲಿ ಮನೆ ಬಿಡುವ ಆದೇಶ ಹೊರಟಿದ್ದು ಹಿಂದಿನ ದಿನವಷ್ಟೆ. ಅದಕ್ಕೆ ಹೇಳುವುದು, ಆದೇಶಕ್ಕೆ ಕಾಯಬೇಡಿ. ಪ್ರಾಣಿ, ಮಕ್ಕಳು, ಹಿರಿಯರು ಇರುವ ಮನೆ ಉಳಿದವರಿಗಿಂತ ಅರ್ಧ ದಿನ ಮೊದಲು ಹೊರಡಬೇಕು.

ಕೆಟಗರಿ ಬರೀ ಗಾಳಿಯ ವೇಗ ಹೇಳುತ್ತದೆ. ಗಂಟೆಗೆ 74 ಮೈಲಿಯಿಂದ ಕೆಟಗರಿ 1, 157 ಮುಟ್ಟಿದರೆ 5. ಮಳೆಯ ಬಗ್ಗೆ, ಉಕ್ಕುವ ನೀರಿನ ಬಗ್ಗೆ ಅದರಲ್ಲಿ ಏನೂ ಇಲ್ಲ. ಹ್ಯೂಸ್ಟನ್ ಮುಳುಗಿದ್ದು ಹಾರ್ವಿ ದುರ್ಬಲವಾಗಿ ಟ್ರಾಪಿಕಲ್ ಸ್ಟಾರ್ಮ್ ಆದ ಮೇಲೆ. 2024ರ ಜುಲೈ 8ರ ಬೆರಿಲ್ ಕೆಟಗರಿ 1 ಅಷ್ಟೆ, ಆದರೂ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಕೆಲವರು ಆ ಸೆಕೆಯಲ್ಲಿ ಒಂದು ವಾರ ಕಳೆದರು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಅಂಥ ಸೆಕೆ ಜೀವಕ್ಕೇ ಅಪಾಯ, ಬ್ಯಾಟರಿ ಫ್ಯಾನ್ ಇಟ್ಟುಕೊಳ್ಳಿ.

ಈ ದಿನಗಳಲ್ಲಿ ಮಾಡುವ ಕೆಲಸಗಳು: ಕಾರಿಗೆ ಪೆಟ್ರೋಲ್ ತುಂಬಿಸಿ, ಎಟಿಎಂನಿಂದ ಸ್ವಲ್ಪ ನಗದು ತನ್ನಿ. ಅಂಗಳದಲ್ಲಿರುವ ಕುರ್ಚಿ, ಸೈಕಲ್, ಹೂಕುಂಡ, ತುಳಸಿ ಕುಂಡ ಎಲ್ಲ ಒಳಗೆ ತನ್ನಿ, ಗಾಳಿಯಲ್ಲಿ ಅವು ಪಕ್ಕದವರ ಕಿಟಕಿಗೆ ಬಡಿಯುತ್ತವೆ. ಶಟರ್ ಇದ್ದರೆ ಹಾಕಿ, ಇಲ್ಲದಿದ್ದರೆ ಅಳತೆಗೆ ಕತ್ತರಿಸಿದ ದಪ್ಪ ಪ್ಲೈವುಡ್. ಗಾಜಿಗೆ ಟೇಪ್ ಅಂಟಿಸಿದರೆ ಏನೂ ಉಪಯೋಗವಿಲ್ಲ. ಗ್ಯಾರೇಜ್ ಬಾಗಿಲು ಮನೆಯ ಬಲಹೀನ ಜಾಗ, ಅದು ಒಳಗೆ ಕುಸಿದರೆ ಗಾಳಿ ನುಗ್ಗಿ ಛಾವಣಿಯನ್ನೇ ಎತ್ತಬಹುದು. ಕೊಂಬೆ ಕಡಿಸುವುದನ್ನು ಮೇ ತಿಂಗಳಲ್ಲೇ ಮುಗಿಸಿ. ಈಗ ಕಡಿಸಿದರೆ ಒಯ್ಯುವವರು ಸಿಗದೆ ಅವೇ ಹಾರುತ್ತವೆ. ಎಲೆಕ್ಟ್ರಿಕ್ ಕಾರನ್ನು ಸಮುದ್ರದ ನೀರು ಬರಬಹುದಾದ ಗ್ಯಾರೇಜಿನಲ್ಲಿ ಬಿಡಬೇಡಿ. ಉಪ್ಪುನೀರಲ್ಲಿ ಮುಳುಗಿದ ಅಂಥ ಕಾರುಗಳಿಗೆ ಇಯಾನ್, ಹೆಲೀನ್ ಎರಡರ ನಂತರವೂ ಬೆಂಕಿ ಹತ್ತಿದೆ. ಬಾತ್‌ಟಬ್, ಬಕೆಟ್‌ಗಳಲ್ಲಿ ನೀರು ತುಂಬಿಸಿ, ಟಾಯ್ಲೆಟ್‌ಗೆ ಬೇಕಾಗುತ್ತದೆ.

ಊರಲ್ಲಿ ಟಿವಿ ನೋಡಿ ಗಾಬರಿಯಾಗುವವರಿಗೂ ಒಂದು ವ್ಯವಸ್ಥೆ ಬೇಕು. ಒಬ್ಬರನ್ನು ಗೊತ್ತು ಮಾಡಿ, ಅವರಿಗೆ ಮಾತ್ರ ನೀವು ಮೆಸೇಜ್ ಹಾಕಿ, ಮಿಕ್ಕವರೆಲ್ಲ ಅವರನ್ನು ಕೇಳಲಿ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಹೆಚ್ಚು.

7. ಆ ರಾತ್ರಿ ಮನೆಯಲ್ಲೇ ಇದ್ದರೆ

ಕಿಟಕಿ ಇಲ್ಲದ ಒಳಕೋಣೆ ಅಥವಾ ದೊಡ್ಡ ಕ್ಲೋಸೆಟ್ ನೋಡಿಟ್ಟುಕೊಳ್ಳಿ. ಎಲ್ಲರೂ ಅಲ್ಲೇ, ಪ್ರಾಣಿಗಳೂ ಅಲ್ಲೇ. ಬೆಕ್ಕು ಕ್ಯಾರಿಯರ್‌ನಲ್ಲಿ, ನಾಯಿಗೆ ಹಗ್ಗ. ಕಾಲಿಗೆ ಶೂ ಇರಲಿ, ಗಾಜು ಒಡೆದರೆ ಬರಿಗಾಲು ಕೆಲಸಕ್ಕೆ ಬರುವುದಿಲ್ಲ. ಒಳಬಾಗಿಲುಗಳನ್ನೆಲ್ಲ ಮುಚ್ಚಿ. ಬ್ಯಾಟರಿ ರೇಡಿಯೊ ಮತ್ತು ಫೋನಿನ ಎಮರ್ಜೆನ್ಸಿ ಅಲರ್ಟ್ ಆನ್ ಇರಲಿ. ಮಿಲ್ಟನ್ ಪಶ್ಚಿಮ ಬದಿಯ ಸಿಯೆಸ್ಟಾ ಕೀಯಲ್ಲಿ ದಡ ಸೇರುವ ಗಂಟೆಗಳ ಮೊದಲೇ ಪೂರ್ವ ಬದಿಯ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಎದ್ದು ಜನ ಸತ್ತರು. ದೇವರ ದೀಪವನ್ನು ಆ ರಾತ್ರಿ ಬ್ಯಾಟರಿ ದೀಪಕ್ಕೆ ಬದಲಿಸಿ. ಹೆದರಿದ ಬೆಕ್ಕು ಹಾರಿ ಉರುಳಿಸಿದರೆ ಬೆಂಕಿ ಆರಿಸಲು ಯಾರೂ ಬರಲಾರರು. ಗಾಳಿ 40-45 ಮೈಲಿ ದಾಟಿದರೆ ಬಹಳ ಕಡೆ ಆಂಬುಲೆನ್ಸ್, ಅಗ್ನಿಶಾಮಕದವರೂ ಹೊರಗೆ ಬರುವುದಿಲ್ಲ.

ಗಾಳಿ ಥಟ್ಟನೆ ನಿಂತರೆ ಮುಗಿಯಿತು ಅಂತ ಹೊರಗೆ ಹೋಗಬೇಡಿ. ಬಿರುಗಾಳಿಯ ಕಣ್ಣು ನಿಮ್ಮ ಮೇಲಿರಬಹುದು, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ.

8. ಮರುದಿನ

ಜನರೇಟರ್ ಮನೆಯಿಂದ 20 ಅಡಿ ದೂರ, ಹೊಗೆ ಆಚೆ ಹೋಗುವಂತೆ ಇರಬೇಕು. ಗ್ಯಾರೇಜ್ ಬಾಗಿಲು ತೆರೆದಿದೆ, ಲನಾಯ್‌ನಲ್ಲಿ (ಮನೆಗೆ ಅಂಟಿದ ಜಗಲಿ) ಜಾಗ ಇದೆ ಅಂತ ಅಲ್ಲಿಡಬೇಡಿ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ (ಸಿಒ) ವಾಸನೆಯಿಲ್ಲ. ಬಿರುಗಾಳಿಯನ್ನು ತಡೆದುಕೊಂಡ ಕುಟುಂಬಗಳು ಮರುದಿನ ನಿದ್ದೆಯಲ್ಲೇ ಹೋಗಿವೆ. ಇದ್ದಿಲ ಒಲೆ, ಕ್ಯಾಂಪಿಂಗ್ ಸ್ಟವ್ ಕೂಡ ಒಳಗೆ ಬೇಡ. ಬ್ಯಾಟರಿಯ ಸಿಒ ಅಲಾರಂ ಒಂದು ಕೊಳ್ಳಿ.

ಹರಿಯುವ ನೀರಲ್ಲಿ ಕಾರು ಓಡಿಸಬೇಡಿ. ಒಂದು ಅಡಿ ನೀರು ಸಣ್ಣ ಕಾರನ್ನು, ಎರಡು ಅಡಿ ಬಹುತೇಕ ವಾಹನಗಳನ್ನು ಒಯ್ಯುತ್ತದೆ. ನಿಂತ ನೀರಲ್ಲಿ ಕರೆಂಟ್ ತಂತಿ, ಹಾವು, ಕೊಳಚೆ ಇರಬಹುದು. ಬೆಂಕಿ ಇರುವೆಗಳು ಗುಂಪಾಗಿ ತೆಪ್ಪದ ಹಾಗೆ ತೇಲುತ್ತವೆ, ನಾಯಿ ಮೂಸಲು ಹೋದರೆ ಮುಖ ತುಂಬ ಕಚ್ಚುತ್ತವೆ. ಕುದಿಸಿ ಕುಡಿಯಿರಿ ಅಂತ ಪ್ರಕಟಣೆ ಬಂದರೆ ಫಿಲ್ಟರ್ ಜಗ್ ನಂಬಬೇಡಿ, ಪ್ರಾಣಿಗಳಿಗೂ ಕುದಿಸಿದ ನೀರನ್ನೇ ಕೊಡಿ.

ಒಳಗೆ ನೀರು ಬಂದಿದ್ದರೆ ಸಾಮಾನು ಹೊರಗೆ ಹಾಕುವ ಮೊದಲು ಎಲ್ಲದರ ಫೋಟೋ ತೆಗೆಯಿರಿ, ಆದರೆ ಒಣಗಿಸುವುದನ್ನು ತಡ ಮಾಡಬೇಡಿ. 24ರಿಂದ 48 ಗಂಟೆಯಲ್ಲಿ ಬೂಷ್ಟು ಹಿಡಿಯುತ್ತದೆ. ಬಾಗಿಲಿಗೆ ಬಂದು ಪೂರ್ತಿ ಹಣ ಮುಂಗಡ ಕೇಳುವ ರಿಪೇರಿಯವರಿಗೆ ಸಹಿ ಮಾಡಿಕೊಡಬೇಡಿ. ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ ಫೆಮಾದ ನಗದು ಸಹಾಯ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವಂಥವರಿಗೆ. ಎಚ್-1ಬಿ ಕೆಲಸದ ವೀಸಾದಲ್ಲಿರುವವರು ತಮ್ಮ ಹೆಸರಲ್ಲಿ ಪಡೆಯಲಾಗುವುದಿಲ್ಲ, ಆದರೆ ಇಲ್ಲೇ ಹುಟ್ಟಿ ನಾಗರಿಕನಾದ ಮಗು ಮನೆಯಲ್ಲಿದ್ದರೆ ಆ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ನಿಯಮಗಳು ಆಗಾಗ ಬದಲಾಗುತ್ತವೆ, ಆ ಹೊತ್ತಿನಲ್ಲಿ 1-800-621-3362ಕ್ಕೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಶೆಲ್ಟರ್, ಊಟ, ನೀರಿನಂಥ ತುರ್ತು ಸಹಾಯಕ್ಕೆ ವೀಸಾ ಯಾವುದಾದರೂ ಹಿಂಜರಿಯಬೇಡಿ.

ನಾಯಿಯನ್ನು ಹಿತ್ತಲಿಗೆ ಬಿಡುವ ಮುಂಚೆ ಬೇಲಿಯ ಸುತ್ತ ನೀವು ಒಂದು ಸುತ್ತು ನಡೆಯಿರಿ. ಒಂದು ಹಲಗೆ ಬಿದ್ದಿದ್ದರೂ ಅದು ಹೊರಗೆ ಹೋಗುತ್ತದೆ, ಗುರುತಿನ ಮರ, ವಾಸನೆ ಎಲ್ಲ ಬದಲಾಗಿ ವಾಪಸ್ ದಾರಿ ಸಿಗುವುದಿಲ್ಲ. ಕೆಲವು ದಿನ ಹಗ್ಗದಲ್ಲೇ ಕರೆದೊಯ್ಯಿರಿ, ಬೆಕ್ಕನ್ನು ಒಳಗೇ ಇಡಿ. ಹೊರಗೆ ಹೋಗಿ ಬಂದಾಗಲೆಲ್ಲ ಕಾಲು ತೊಳೆದು ಒರೆಸಿ. ನೀರು ನಿಂತರೆ ಸೊಳ್ಳೆ ಹೆಚ್ಚುತ್ತದೆ, ಸೊಳ್ಳೆಯಿಂದ ಹಾರ್ಟ್‌ವರ್ಮ್ (ಹೃದಯದಲ್ಲಿ ಬೆಳೆಯುವ ಹುಳು) ಬರುತ್ತದೆ. ತಿಂಗಳ ಮಾತ್ರೆ ತಪ್ಪಿಸಬೇಡಿ. ಪ್ರವಾಹದ ನೀರಿನಿಂದ ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಹರಡುತ್ತದೆ, ಅದಕ್ಕೂ ಲಸಿಕೆ ಇದೆ, ಮೇ ತಿಂಗಳಲ್ಲಿ ರೇಬಿಸ್‌ಗೆ ಹೋದಾಗಲೇ ಕೇಳಿ ಹಾಕಿಸಿ. ಪ್ರಾಣಿ ಕಳೆದುಹೋದರೆ ಒಂದು ಸಲ ಪ್ರಾಣಿಗಳ ಶೆಲ್ಟರ್‌ಗೆ ಫೋನ್ ಮಾಡಿ ಸುಮ್ಮನಾಗಬೇಡಿ. ನೀವೇ ಹೋಗಿ ನೋಡಿ, ಎರಡು ದಿನಕ್ಕೊಮ್ಮೆ ಹೋಗಿ, ಪಕ್ಕದ ಕೌಂಟಿಯಲ್ಲೂ ಹುಡುಕಿ. ಕಾಪಾಡಿದವರು ಅದನ್ನು ಎಲ್ಲಿ ಜಾಗ ಇತ್ತೋ ಅಲ್ಲಿಗೆ ಕಳಿಸಿರುತ್ತಾರೆ.